ತಿಮಿಂಗಿಲದ ಕಾಲು

ಕಳೆದ ಭಾನುವಾರ ಮಧ್ಯಾಹ್ನ ಒಂದು ಹಳೆಯ ಕಾವ್ಯದ ಎರಡು ಪ್ರತಿಗಳನ್ನು ನಡುಮನೆಯಲ್ಲಿ ಹರಡಿಕೊಂಡು, ಪಾಠಾಂತರಗಳನ್ನು ಗುರುತುಮಾಡುತ್ತ ಕುಳಿತಿದ್ದೆ. ಪಕ್ಕದಲ್ಲಿ ನನ್ನ ಸೋದರ ಸೊಸೆ ಶಾರದೆ ಪದಬಂಧ ಬಿಡಿಸುತ್ತಿದ್ದಳು. ಹತ್ತನೆಯ ತರಗತಿಯನ್ನು ಮುಗಿಸಿ, ಪದವಿಪೂರ್ವ ತರಗತಿಗೆ ವಾಣಿಜ್ಯ ವಿಷಯವನ್ನು ಆರಿಸಿಕೊಂಡಿರುವ ಹುಡುಗಿ. ಮಾತು ಕಡಿಮೆ, ಪ್ರಶ್ನೆ ಹೆಚ್ಚು.

"ಮಾವ, 'ಕಡಲಿನ ಮಹಾಮತ್ಸ್ಯ' ಅಂತ ಕೊಟ್ಟಿದ್ದಾರೆ, ನಾಲ್ಕು ಅಕ್ಷರ. ತಿಮಿಂಗಿಲ ಅಂತ ಬರೆದರೆ ಸರಿಹೋಗುತ್ತೆ. ಆದರೆ ಅದು ಮೀನಲ್ಲವಲ್ಲ?"

"ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ. ಆದರೂ ಬರೆ. ತಿಮಿ ಎಂಬ ದೊಡ್ಡ ಮೀನನ್ನು ನುಂಗುವುದು ಎಂದೇ ಆ ಹೆಸರಿಗೆ ಅರ್ಥ. ಅಮರಕೋಶದಲ್ಲಿಯೂ ಅದು ಮೀನುಗಳ ಸಾಲಿನಲ್ಲಿಯೇ ಇದೆ."

"ಹಾಲೂಡಿಸುವ ಪ್ರಾಣಿ ನೀರಿಗೆ ಹೇಗೆ ಹೋಯಿತು?"

"ಅದರ ಪೂರ್ವಿಕರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದುವೆಂದು ವಿಜ್ಞಾನಿಗಳು ಹೇಳುತ್ತಾರೆ. ಯಾರು ಕಂಡವರು? ಅದೊಂದು ಊಹೆ" ಎಂದು ನಾನು ಮತ್ತೆ ಪ್ರತಿಗಳ ಕಡೆಗೆ ತಿರುಗಿದೆ.

ಹುಡುಗಿ ಸ್ವಲ್ಪ ಹೊತ್ತು ನನ್ನ ಮುಂದಿದ್ದ ಕಾಗದಗಳನ್ನು ನೋಡಿದಳು. "ನೀವು ಈಗ ಮಾಡುತ್ತಿರುವುದು ಏನು ಮಾವ? ಕವಿ ತಾನೇ ಬರೆದ ಓಲೆಯನ್ನು ನೀವು ಕಂಡಿದ್ದೀರಾ?"

ಕಂಡಿಲ್ಲ, ಇಂದು ಬದುಕಿರುವ ಯಾರೂ ಕಂಡಿಲ್ಲ. ಆದರೂ ಕವಿಯ ಮೂಲಪಾಠ ಹೀಗಿತ್ತು, ಈ ಎರಡು ಪ್ರತಿಗಳು ಒಂದೇ ಹಳೆಯ ಪ್ರತಿಯಿಂದ ಇಳಿದು ಬಂದವು, ಎಂದು ನಾನು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತೇನೆ. ಅದನ್ನು ಯಾರಾದರೂ ಊಹೆಯೆಂದರೆ ನನಗೆ ಸಿಟ್ಟು ಬರುತ್ತದೆ. ಆ ಮಧ್ಯಾಹ್ನ ನಾನು ಇನ್ನೊಬ್ಬರ ಶಾಸ್ತ್ರಕ್ಕೆ ಅದೇ ಅಪಚಾರವನ್ನು ಮಾಡಿದ್ದೆ. ಆ ವಾರವೆಲ್ಲ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ತಿಮಿಂಗಿಲದ ವಂಶಾವಳಿಯನ್ನು ಓದಿದೆ. ಓದಿದ್ದನ್ನು ಈ ವಾರ ವಾಚಕರ ಮುಂದೆ ಇಡುತ್ತಿದ್ದೇನೆ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಸಾಕ್ಷ್ಯವನ್ನು ತೂಗುವ ರೀತಿ ಎಲ್ಲ ಶಾಸ್ತ್ರಗಳಿಗೂ ಒಂದೇ ಎಂಬುದನ್ನು ಈ ಪ್ರಾಣಿಯಿಂದ ಕಲಿತೆ.

ಮೊದಲು ಪ್ರಾಣಿಯ ದೇಹವನ್ನೇ ನೋಡೋಣ. ತಿಮಿಂಗಿಲಕ್ಕೆ ಕಿವಿರಿಲ್ಲ, ಶ್ವಾಸಕೋಶವಿದೆ. ಉಸಿರಿಗಾಗಿ ಅದು ಮೇಲಕ್ಕೆ ಬರಲೇಬೇಕು. ನಮ್ಮ ಹಾಗೆ ಬಿಸಿ ರಕ್ತದ ಪ್ರಾಣಿ. ಮರಿ ಹಾಕಿ ಹಾಲೂಡಿಸುತ್ತದೆ. ಈ ಸಂಗತಿಗಳು ಗ್ರೀಸಿನ ಅರಿಸ್ಟಾಟಲನಿಗೆ ಗೊತ್ತಿದ್ದುವು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಅದನ್ನು ಮೀನುಗಳಿಂದ ಬೇರ್ಪಡಿಸಿ ಸಸ್ತನಿಗಳ ಪಂಕ್ತಿಗೆ ಸೇರಿಸಿದನು. ಮೀನಿನ ಬಾಲ ಎಡಕ್ಕೂ ಬಲಕ್ಕೂ ಬೀಸುತ್ತದೆ. ತಿಮಿಂಗಿಲದ ಬಾಲ ಮೇಲಕ್ಕೂ ಕೆಳಕ್ಕೂ ಬೀಸುತ್ತದೆ. ಓಡುವ ನಾಯಿಯ ಬೆನ್ನೆಲುಬನ್ನು ಗಮನಿಸಿದವರಿಗೆ ಈ ಬಾಗುವಿಕೆ ಹೊಸದಲ್ಲ. ಅದರ ಈಜುರೆಕ್ಕೆಯ ಚರ್ಮವನ್ನು ಬಿಡಿಸಿ ನೋಡಿದರೆ ಒಳಗೆ ತೋಳಿನ ಒಂದು ಮೂಳೆ, ಮುಂಗೈಯ ಎರಡು ಮೂಳೆ, ಮಣಿಕಟ್ಟು, ಬೆರಳುಗಳು ಕ್ರಮವಾಗಿ ಇವೆ. ಹುಟ್ಟು ಹಾಕುವುದಕ್ಕೆ ಬೆರಳು ಬೇಕಿಲ್ಲ, ಆದರೂ ಬೆರಳಿವೆ. ಇನ್ನು ಹಿಂದೆ, ಕಾಲೇ ಇಲ್ಲದ ಜಾಗದಲ್ಲಿ, ಮಾಂಸದೊಳಗೆ ಹುದುಗಿದ ಸೊಂಟದ ಎರಡು ಸಣ್ಣ ಎಲುಬುಗಳು!

ಭ್ರೂಣದಲ್ಲಿ ಇನ್ನೂ ಸ್ಪಷ್ಟವಾದ ಸಾಕ್ಷ್ಯವಿದೆ. ತಿಮಿಂಗಿಲದ ಬಳಗಕ್ಕೇ ಸೇರಿದ ಡಾಲ್ಫಿನ್ನಿನ ಗರ್ಭದಲ್ಲಿ, ಮೊದಲ ಕೆಲವು ವಾರಗಳಲ್ಲಿ, ಹಿಂಗಾಲಿನ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಬೆಳೆಯದೆ ಕರಗಿಹೋಗುತ್ತವೆ. ಎಲ್ಲೋ ಕೋಟಿಗೊಮ್ಮೆ ಕರಗದೆಯೂ ಉಳಿಯುವುದುಂಟು. 2006ರಲ್ಲಿ ಜಪಾನಿನ ಕರಾವಳಿಯಲ್ಲಿ ಸೆರೆ ಸಿಕ್ಕ ಡಾಲ್ಫಿನ್ನೊಂದಕ್ಕೆ ಹಿಂಗಾಲಿರಬೇಕಾದ ಸ್ಥಳದಲ್ಲಿಯೇ ಇನ್ನೊಂದು ಜೊತೆ ಪುಟ್ಟ ಈಜುರೆಕ್ಕೆಗಳಿದ್ದುವು.

ಹಸ್ತಪ್ರತಿಗಳೊಡನೆ ಪಳಗಿದವರಿಗೆ ಇದು ಪರಿಚಿತ ದೃಶ್ಯ. ಲಿಪಿಕಾರನು ಹೊಸ ಪ್ರತಿಯನ್ನು ಮಾಡುವಾಗ ಹಳೆಯದನ್ನು ಒಮ್ಮೆಗೇ ಅಳಿಸಿ ಬೇರೆ ಬರೆಯುವುದಿಲ್ಲ. ಇದ್ದುದನ್ನು ನಕಲು ಮಾಡುತ್ತ ಅಲ್ಲಲ್ಲಿ ತಿದ್ದುತ್ತಾನೆ. ಹೀಗಾಗಿ ಅವನಿಗೇ ಅರ್ಥವಾಗದ ಹಳೆಯ ರೂಪವೊಂದು ಹೊಸ ಪ್ರತಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಸಂಪಾದಕನಿಗೆ ಬೆಲೆಯುಳ್ಳ ಸುಳಿವು ದೊರೆಯುವುದು ಇಂಥ ಉಳಿಕೆಗಳಲ್ಲಿಯೇ.

ಆದರೆ ನಡುವಣ ಪ್ರತಿಗಳು ಎಲ್ಲಿ? ಡಾರ್ವಿನ್ನನನ್ನು ಜನ ಕೇಳಿದ್ದೂ ಇದನ್ನೇ. 1859ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ಉತ್ತರ ಅಮೆರಿಕದ ಕರಿಯ ಕರಡಿಯೊಂದು ಗಂಟೆಗಟ್ಟಲೆ ಬಾಯಿ ತೆರೆದುಕೊಂಡು ಈಜುತ್ತ ನೀರಿನ ಹುಳುಗಳನ್ನು ಹಿಡಿಯುತ್ತಿದ್ದುದನ್ನು ಹೇಳಿ, ಇಂಥ ಪ್ರಾಣಿ ಕಾಲಕ್ರಮದಲ್ಲಿ ತಿಮಿಂಗಿಲದಂಥದಾಗಲು ಅಡ್ಡಿಯೇನಿಲ್ಲವೆಂದು ಬರೆದನು. ಕರಡಿಯೇ ತಿಮಿಂಗಿಲವಾಯಿತೆಂದು ಅವನು ಹೇಳಿರಲಿಲ್ಲ. ಆಗಬಹುದಾದ ರೀತಿಗೆ ಒಂದು ದೃಷ್ಟಾಂತ ಕೊಟ್ಟಿದ್ದನು, ಅಷ್ಟೆ. ಆದರೂ ವಿಮರ್ಶಕರು ಎಷ್ಟು ಗೇಲಿ ಮಾಡಿದರೆಂದರೆ ಮುಂದಿನ ಆವೃತ್ತಿಯಲ್ಲಿ ಅವನು ಆ ಮಾತನ್ನು ಮೊಟಕುಗೊಳಿಸಬೇಕಾಯಿತು. ಆಗ ಅವನ ಕೈಯಲ್ಲಿ ತೋರಿಸುವುದಕ್ಕೆ ಮೂಳೆಗಳಿರಲಿಲ್ಲ. ಅವು ದೊರೆಯಲು ನೂರು ವರ್ಷಕ್ಕೂ ಮಿಕ್ಕ ಕಾಲ ಬೇಕಾಯಿತು. ದೊರೆತದ್ದು ಬಹುಪಾಲು ನಮ್ಮ ಭರತಖಂಡದ ನೆಲದಲ್ಲಿಯೇ ಎಂಬುದು ನನಗೆ ಈ ವಾರದವರೆಗೂ ತಿಳಿದಿರಲಿಲ್ಲ.

ಹಿಮಾಲಯ ಎದ್ದು ನಿಲ್ಲುವುದಕ್ಕೆ ಮೊದಲು, ಭಾರತಕ್ಕೂ ಏಷ್ಯದ ಉಳಿದ ಭೂಭಾಗಕ್ಕೂ ನಡುವೆ ಒಂದು ಕಡಲು ಇತ್ತು. ಭೂವಿಜ್ಞಾನಿಗಳು ಅದನ್ನು ಟೆಥಿಸ್ ಎನ್ನುತ್ತಾರೆ. ನಮ್ಮ ಮನೆಗಳ ದೇವರ ಪೀಠದಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮವನ್ನು ನೋಡಿದ್ದೀರಷ್ಟೆ? ಅದರೊಳಗಿನ ಸುರುಳಿ ಆ ಕಡಲಿನಲ್ಲಿ ಬಾಳಿದ ಅಮೋನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚು. ಹಿಮಾಲಯದ ಗಂಡಕೀ ನದಿಯಲ್ಲಿ ಕಡಲಿನ ಚಿಪ್ಪು ದೊರೆಯುವುದು ಈ ಕಾರಣದಿಂದ. ಅದೇ ಕಡಲಿನ ಕೊನೆಗಾಲದಲ್ಲಿ, ಸುಮಾರು 5 ಕೋಟಿ ವರ್ಷಗಳ ಹಿಂದೆ, ಅದರ ದಡದ ಆಸುಪಾಸಿನಲ್ಲಿ ನಮ್ಮ ಕಥೆ ಆರಂಭವಾಗುತ್ತದೆ.

1981ರಲ್ಲಿ ಫಿಲಿಪ್ ಜಿಂಜರಿಚ್ ಎಂಬ ಅಮೆರಿಕದ ವಿದ್ವಾಂಸರು ತಮ್ಮ ಸಹೋದ್ಯೋಗಿಯೊಡನೆ ಪಾಕಿಸ್ತಾನದ ಬಂಡೆಗಳಲ್ಲಿ ದೊರೆತ ಒಂದು ತಲೆಬುರುಡೆಗೆ ಪಾಕಿಸೀಟಸ್ ಎಂದು ಹೆಸರಿಟ್ಟರು. ಪ್ರಾಣಿ ತೋಳದ ಗಾತ್ರದ್ದು. ಅದರ ಕಿವಿಯ ಒಳಗಿನ ಮೂಳೆಯ ಬಟ್ಟಲಿನ ಒಂದು ಅಂಚು ವಿಚಿತ್ರವಾಗಿ ದಪ್ಪವಾಗಿಯೂ ಗಟ್ಟಿಯಾಗಿಯೂ ಇತ್ತು. ಇಂಥ ಕಿವಿ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲದ ಬಳಗಕ್ಕಲ್ಲದೆ ಬೇರೆ ಯಾವುದಕ್ಕೂ ಇಲ್ಲ. ನಾಲ್ಕು ಕಾಲಿನ ಪ್ರಾಣಿಗೆ ತಿಮಿಂಗಿಲದ ಕಿವಿ! 1994ರಲ್ಲಿ ಹಾನ್ಸ್ ಥೆವಿಸೆನ್ ಮತ್ತು ಅವರ ಸಂಗಡಿಗರು ಅದೇ ದೇಶದಲ್ಲಿ ದೊರೆತ ಮತ್ತೊಂದನ್ನು ವರ್ಣಿಸಿದರು. ಗಿಡ್ಡ ಕಾಲು, ಅಗಲವಾದ ಪಾದ, ಮೊಸಳೆಯಂತೆ ಹೊಂಚುಹಾಕುವ ಮೈಕಟ್ಟು. ಅದಕ್ಕೆ ಕೊಟ್ಟ ಹೆಸರು ಆಂಬುಲೊಸೀಟಸ್, ಎಂದರೆ ನಡೆಯುವ ತಿಮಿಂಗಿಲ. ನಮ್ಮ ಕಚ್ಛದ ಒಣ ನೆಲದಲ್ಲಿ ಅಶೋಕ ಸಾಹನಿ ಮತ್ತು ಮಿಶ್ರ ಅವರು 1970ರ ದಶಕದಲ್ಲಿಯೇ ಪುರಾತನ ತಿಮಿಂಗಿಲಗಳ ಎಲುಬುಗಳನ್ನು ಗುರುತಿಸಿದ್ದರು. 2000ದಲ್ಲಿ ಸುನಿಲ್ ಬಾಜಪೇಯಿ ಮತ್ತು ಥೆವಿಸೆನ್ ಅಲ್ಲಿಯ ಒಂದು ಸಣ್ಣ ಜಾತಿಗೆ ಕಚ್ಛಿಸೀಟಸ್ ಎಂದು ನಮ್ಮ ಪ್ರಾಂತದ ಹೆಸರನ್ನೇ ಇಟ್ಟರು.

ಈಜಿಪ್ಟಿನ ಮರುಭೂಮಿಯಲ್ಲಿ ತಿಮಿಂಗಿಲಗಳ ಕಣಿವೆಯೆಂದೇ ಕರೆಯುವ ಒಂದು ಸ್ಥಳವಿದೆ. ಅಲ್ಲಿ ಬೆಸಿಲೊಸಾರಸ್ ಎಂಬ, ಹದಿನೈದು ಮೀಟರಿಗೂ ಮಿಕ್ಕ ಉದ್ದದ ಜೀವಿಯ ಅಸ್ಥಿಪಂಜರಗಳು ಮರಳಿನ ಮೇಲೆಯೇ ಬಿದ್ದಿವೆ. ಸುಮಾರು 3 ಕೋಟಿ 70 ಲಕ್ಷ ವರ್ಷಗಳ ಹಿಂದಿನ ಪ್ರಾಣಿ. ಸಂಪೂರ್ಣವಾಗಿ ಕಡಲಿನ ವಾಸಿ. 1990ರಲ್ಲಿ ಜಿಂಜರಿಚ್ ಅವರ ತಂಡದವರು ಅದರ ಹಿಂಗಾಲನ್ನು ಪ್ರಕಟಪಡಿಸಿದರು: ತೊಡೆ, ಮಂಡಿಚಿಪ್ಪು, ಬೆರಳು ಎಲ್ಲವೂ ಇದ್ದ ಕಾಲು. ಅಷ್ಟು ದೊಡ್ಡ ದೇಹಕ್ಕೆ ಅದರ ಉದ್ದ ಒಂದು ಮೊಳಕ್ಕಿಂತಲೂ ಕಡಿಮೆ! ಆ ಕಾಲಿನ ಮೇಲೆ ಆ ಮೈ ನಿಲ್ಲುವ ಮಾತೇ ಇಲ್ಲ.

ಇವುಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿ. ಹಳೆಯ ಪದರದಲ್ಲಿ ನಡೆಯುವ ಕಾಲು, ಆಮೇಲೆ ತುಳಿದು ಈಜುವ ಕಾಲು, ಕೊನೆಗೆ ಹೆಸರಿಗಷ್ಟೇ ಕಾಲು. ಮೂಗಿನ ಹೊಳ್ಳೆ ಮೊದಲಿಗೆ ಮೂತಿಯ ತುದಿಯಲ್ಲಿ, ಬೆಸಿಲೊಸಾರಸ್ಸಿನಲ್ಲಿ ತುಸು ಹಿಂದೆ, ಇಂದಿನ ತಿಮಿಂಗಿಲದಲ್ಲಿ ನೆತ್ತಿಯ ಮೇಲೆ. ಇವುಗಳಲ್ಲಿ ಪ್ರತಿಯೊಂದೂ ಮುಂದಿನದಕ್ಕೆ ತಂದೆಯೇ ಎಂದು ಕೇಳಿದರೆ ವಿಜ್ಞಾನಿಗಳು ಹಾಗೆ ಹೇಳುವುದಿಲ್ಲ, ದಾಯಾದಿಗಳಿರಬಹುದು ಎನ್ನುತ್ತಾರೆ. ನಮ್ಮಲ್ಲಿಯೂ ದೊರೆತ ನಾಲ್ಕು ಪ್ರತಿಗಳಲ್ಲಿ ಒಂದೂ ಮೂಲಪ್ರತಿಯಲ್ಲದಿರಬಹುದು. ಆದರೆ ನಾಲ್ಕನ್ನೂ ಸೇರಿಸಿ ನೋಡಿದಾಗ ಮೂಲದ ದಾರಿ ತಿಳಿಯುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಈ ನೆಲವಾಸಿ ಪೂರ್ವಿಕ ಯಾವ ಕುಲದ್ದು? ಅದರ ಉತ್ತರ ದೊರೆತ ರೀತಿಯೇ ನನ್ನ ಊಹೆಯ ಮಾತನ್ನು ಸಂಪೂರ್ಣವಾಗಿ ಮುರಿದದ್ದು.

ಇಂಗ್ಲೆಂಡಿನ ವಿಲಿಯಂ ಫ್ಲವರ್ 1883ರಲ್ಲಿಯೇ ತಿಮಿಂಗಿಲಕ್ಕೆ ಗೊರಸಿನ ಪ್ರಾಣಿಗಳೊಡನೆ ನಂಟಿರಬೇಕೆಂದು ಸೂಚಿಸಿದ್ದನು. ಆದರೆ 1966ರಲ್ಲಿ ವಾನ್ ವೇಲನ್ ಎಂಬ ವಿದ್ವಾಂಸನು ಹಲ್ಲುಗಳ ಹೋಲಿಕೆಯನ್ನು ಹಿಡಿದು ಮೆಸೊನಿಕಿಡ್ ಎಂಬ, ಪೂರ್ತಿಯಾಗಿ ಅಳಿದುಹೋದ ಮಾಂಸಾಹಾರಿ ಕುಲವನ್ನು ತೋರಿಸಿದನು. ಪಳೆಯುಳಿಕೆಯ ಪಂಡಿತರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಕೊಂಡರು. ಹೀಗಿರಲು, ಒಂದು ಮೂಳೆಯನ್ನೂ ಮುಟ್ಟದ ಬೇರೊಂದು ಪಂಥದವರು ಬದುಕಿರುವ ಪ್ರಾಣಿಗಳ ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನು ಓದತೊಡಗಿದರು. ಸಸ್ತನಿಯೊಂದರ ಈ ಗ್ರಂಥದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಕೆಲವು ಸಣ್ಣ ತುಣುಕುಗಳು ತಮ್ಮನ್ನು ತಾವೇ ನಕಲು ಮಾಡಿಕೊಂಡು ಈ ಗ್ರಂಥದಲ್ಲಿ ಎಲ್ಲಾದರೊಂದೆಡೆ ನುಸುಳಿಬಿಡುತ್ತವೆ. ನುಸುಳಿದ ಮೇಲೆ ಸಾಮಾನ್ಯವಾಗಿ ಅಲ್ಲಿಂದ ಕದಲುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರಕ್ಷೇಪ ಎನ್ನುತ್ತೇವೆ. ಯಾರೋ ಓದುಗ ಓಲೆಯ ಅಂಚಿನಲ್ಲಿ ಗೀಚಿದ ಒಂದು ಮಾತನ್ನು ಮುಂದಿನ ಲಿಪಿಕಾರ ಕಾವ್ಯದೊಳಕ್ಕೆ ಸೇರಿಸಿಬಿಡುತ್ತಾನೆ. ಸರಿಯಾದ ಪಾಠ ಎರಡು ಪ್ರತಿಗಳಲ್ಲಿ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಸರಿಯಾದದ್ದು ಎಲ್ಲೆಡೆಯೂ ಸರಿಯೇ. ಆದರೆ ಒಂದೇ ಪ್ರಕ್ಷೇಪ, ಒಂದೇ ಪದ್ಯದ ಒಂದೇ ಜಾಗದಲ್ಲಿ, ಎರಡು ಪ್ರತಿಗಳಲ್ಲಿಯೂ ಇದ್ದರೆ ಅವೆರಡಕ್ಕೂ ತಾಯಿ ಒಂದೇ. ಇಬ್ಬರು ಲಿಪಿಕಾರರು ಬೇರೆಬೇರೆಯಾಗಿ ಅದೇ ತಪ್ಪನ್ನು ಅದೇ ಸ್ಥಳದಲ್ಲಿ ಮಾಡಿದರೆಂದು ವಾದಿಸುವವನಿಗೆ ನಾವು ಯಾರೂ ಕಿವಿಗೊಡುವುದಿಲ್ಲ.

ಜಪಾನಿನ ನೊರಿಹಿರೊ ಒಕಾಡ ಅವರ ತಂಡ 1997ರಲ್ಲಿಯೂ 1999ರಲ್ಲಿಯೂ ಇಂಥ ಪ್ರಕ್ಷೇಪಗಳನ್ನೇ ಹೋಲಿಸಿ ನೋಡಿತು. ತಿಮಿಂಗಿಲ, ದನ, ಜಿಂಕೆ ಮತ್ತು ನೀರ್ಗುದುರೆಗಳಲ್ಲಿ ಒಂದೇ ಜಾಗದ ಕೆಲವು ಪ್ರಕ್ಷೇಪಗಳು ದೊರೆತುವು. ಇನ್ನು ಕೆಲವು ತಿಮಿಂಗಿಲ ಮತ್ತು ನೀರ್ಗುದುರೆಗಳಲ್ಲಿ ಮಾತ್ರ ಇದ್ದುವು. ಎಂದರೆ, ಮೈಸೂರಿನ ಮೃಗಾಲಯದ ಕೊಳದಲ್ಲಿ ಮೂಗು ಮಾತ್ರ ಹೊರಗಿಟ್ಟು ಮುಳುಗಿರುವ ಆ ನೀರ್ಗುದುರೆ, ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತ್ಯಂತ ಹತ್ತಿರದ ಬಂಧು. ತಿಮಿಂಗಿಲ ಸೀಳುಗೊರಸಿನ ಕುಲದ್ದು.

ಮೂಳೆಯವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ವಿವಾದವನ್ನು ತೀರ್ಮಾನಿಸುವುದಕ್ಕೆ ಒಂದು ಸ್ಪಷ್ಟವಾದ ಪರೀಕ್ಷೆ ಇತ್ತು. ದನ, ಆಡು, ಜಿಂಕೆ, ಹಂದಿ, ಒಂಟೆ, ನೀರ್ಗುದುರೆ, ಈ ಎಲ್ಲ ಸೀಳುಗೊರಸಿನವುಗಳ ಹಿಂಗಾಲಿನ ಹರಡಿನಲ್ಲಿ ಒಂದು ಮೂಳೆಯಿದೆ. ಅದರ ಮೇಲೊಂದು ಕೆಳಗೊಂದು ಬಾವಿಯ ರಾಟೆಯಂಥ ಆಕಾರ. ಈ ಜೋಡಿ ರಾಟೆ ಬೇರೆ ಯಾವ ಪ್ರಾಣಿಗೂ ಇಲ್ಲ. ಡಿ.ಎನ್.ಎ. ಪಂಥದವರ ಮಾತು ನಿಜವಾದರೆ, ಕಾಲಿದ್ದ ಹಳೆಯ ತಿಮಿಂಗಿಲದ ಹರಡಿನಲ್ಲಿ ಜೋಡಿ ರಾಟೆ ಇರಲೇಬೇಕು. ಇಲ್ಲದಿದ್ದರೆ ಅವರ ಮಾತು ಸುಳ್ಳು. 2001ರ ಸೆಪ್ಟೆಂಬರ್ ತಿಂಗಳಲ್ಲಿ ಜಿಂಜರಿಚ್ ಮತ್ತು ಥೆವಿಸೆನ್ ಅವರ ಎರಡು ಬೇರೆಬೇರೆ ತಂಡಗಳು, ಬೇರೆಬೇರೆ ಪತ್ರಿಕೆಗಳಲ್ಲಿ, ಆ ಮೂಳೆಯನ್ನು ಪ್ರಕಟಿಸಿದುವು. ಜೋಡಿ ರಾಟೆ ಇತ್ತು. ಅದುವರೆಗೆ ಮೆಸೊನಿಕಿಡ್ ಪಕ್ಷವನ್ನು ಹಿಡಿದಿದ್ದ ಜಿಂಜರಿಚ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ನಮ್ಮ ವಿದ್ವತ್ಸಭೆಗಳಲ್ಲಿ ಒಬ್ಬರು ಎದ್ದು ನಿಂತು "ನಾನು ತಿಳಿದದ್ದು ತಪ್ಪು" ಎಂದದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಎಣಿಸಿ ನೋಡಿದೆ. ಎಣಿಸುವುದಕ್ಕೆ ಬೆರಳು ಬೇಕಾಗಲಿಲ್ಲ.

ಈ ಕಥೆಗೆ ನಮ್ಮ ದೇಶದ ಭೂವಿಜ್ಞಾನಿಯೊಬ್ಬರು ಸೇರಿಸಿದ ಒಂದು ಅಧ್ಯಾಯವಿದೆ. ಎ. ರಂಗರಾವ್ ಅವರು ಕಾಶ್ಮೀರದ ಕಾಲಾಕೋಟ್ ಎಂಬಲ್ಲಿ ಎಲುಬು ತುಂಬಿದ ಕಲ್ಲುಗಳನ್ನು ಸಂಗ್ರಹಿಸಿ, 1971ರಲ್ಲಿ ಅವುಗಳಲ್ಲಿನ ಒಂದು ಪುಟ್ಟ ಪ್ರಾಣಿಗೆ ಇಂಡೊಹೈಯಸ್ ಎಂದು ಹೆಸರಿಟ್ಟರು. ಬೆಕ್ಕಿನಷ್ಟೆತ್ತರದ, ಜಿಂಕೆಯನ್ನು ಹೋಲುವ ಸೀಳುಗೊರಸಿನ ಪ್ರಾಣಿ. ಅವರ ಸಂಗ್ರಹದ ಕಲ್ಲುಗಳಲ್ಲಿ ಬಹಳಷ್ಟು ಒಡೆಯದೆಯೇ ಉಳಿದುವು, ರಂಗರಾವ್ ತೀರಿಕೊಂಡರು. ಆ ಕಲ್ಲುಗಳನ್ನು ಕಾಪಾಡಿಕೊಂಡಿದ್ದ ಅವರ ಪತ್ನಿ ಮುಂದೆ ಅವನ್ನು ಥೆವಿಸೆನ್ ಅವರಿಗೆ ಕೊಟ್ಟರು. ಪ್ರಯೋಗಶಾಲೆಯಲ್ಲಿ ಕೆಲಸಗಾರನ ಕೈಯಲ್ಲಿ ಒಂದು ತಲೆಬುರುಡೆ ಅಕಸ್ಮಾತ್ತಾಗಿ ಒಡೆಯಿತು. ಒಡೆದ ಕಡೆ ನೋಡಿದರೆ ಅದೇ ದಪ್ಪ ಅಂಚಿನ ಕಿವಿ, ತಿಮಿಂಗಿಲದ ಕಿವಿ! ಅದರ ಕಾಲಿನ ಮೂಳೆಗಳು ನೀರ್ಗುದುರೆಯವುಗಳಂತೆ ದಪ್ಪ ಗೋಡೆಯವು. ನೀರಿನಲ್ಲಿ ತಳದ ಮೇಲೆ ನಡೆಯುವ ಪ್ರಾಣಿಗೆ ಬೇಕಾದ ಭಾರ. 2007ರಲ್ಲಿ ಈ ಸಂಗತಿ ಪ್ರಕಟವಾಯಿತು. ಗಂಡ ಕೂಡಿಟ್ಟ ಕಲ್ಲನ್ನು ಕಲ್ಲೆಂದು ಎಸೆಯದೆ ಇಟ್ಟುಕೊಂಡ ಆ ತಾಯಿಯನ್ನು ನೆನೆದಾಗ, ಅರ್ಥ ತಿಳಿಯದಿದ್ದರೂ ಅಟ್ಟದ ಮೇಲೆ ಓಲೆಗರಿಗಳನ್ನು ಜೋಪಾನ ಮಾಡಿದ ನಮ್ಮ ಅಜ್ಜಿಯರ ನೆನಪಾಯಿತು.

ಇನ್ನು "ಯಾರು ಕಂಡವರು?" ಎಂಬ ನನ್ನ ಪ್ರಶ್ನೆ. ಪಂಪನ ಕಾಲದಲ್ಲಿ ಹಾಲಿಗೆ ಪಾಲ್ ಎನ್ನುತ್ತಿದ್ದರು. ಹುಲಿಗೆ ಪುಲಿ, ಹೂವಿಗೆ ಪೂ. ತಮಿಳರು ಇಂದಿಗೂ ಹಾಗೆಯೇ ಎನ್ನುತ್ತಾರೆ. ಕೆಲವು ಶತಮಾನಗಳಲ್ಲಿ ಕನ್ನಡದ ಪಕಾರ ಹಕಾರವಾಯಿತು. ಅದು ಬದಲಾದ ದಿನವನ್ನು ಕಂಡವರು ಯಾರು? ತಾಯಿ ಪಾಲೆಂದು ಮಗ ಹಾಲೆಂದು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಹೋದ ಮನೆ ಒಂದೂ ಇರಲಾರದು. ಪ್ರತಿಯೊಂದು ತಲೆಮಾರೂ ತನ್ನ ಹಿಂದಿನ ತಲೆಮಾರಿನ ಭಾಷೆಯನ್ನೇ ಆಡಿತು. ಆದರೂ ಹಳಗನ್ನಡವನ್ನು ಇಂದು ನಾನು ಮಕ್ಕಳಿಗೆ ಅರ್ಥ ಹೇಳಿ ಕಲಿಸಬೇಕಾಗಿದೆ. ಶಾಸನಗಳು ಸಾಕ್ಷಿ ಹೇಳುತ್ತವೆ, ಸೋದರಭಾಷೆಗಳು ಸಾಕ್ಷಿ ಹೇಳುತ್ತವೆ. ಅವೆರಡೂ ಒಂದನ್ನೊಂದು ಕೇಳಿಕೊಂಡು ಹೇಳಿದುವಲ್ಲ. ತಿಮಿಂಗಿಲದ ವಿಷಯದಲ್ಲಿಯೂ ಬಂಡೆ, ಭ್ರೂಣ, ಡಿ.ಎನ್.ಎ. ಮೂರೂ ಬೇರೆಬೇರೆ ಮನೆಯ ಸಾಕ್ಷಿಗಳು. ಮೂರೂ ಒಂದೇ ಮಾತನ್ನು ಹೇಳಿದಾಗ ಅದನ್ನು ಊಹೆಯೆನ್ನುವುದು ನ್ಯಾಯವಲ್ಲ.

ಮನುಷ್ಯನಾದರೋ ಈ ನಿಯಮಕ್ಕೆ ಹೊರತಲ್ಲ. ಹೆಚ್ಚಿನ ಸಸ್ತನಿಗಳು ಸಿ ಜೀವಸತ್ತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ನಮಗೆ ನೆಲ್ಲಿಕಾಯಿ, ನಿಂಬೆಹಣ್ಣು ಬೇಕು. ಅದನ್ನು ತಯಾರಿಸುವ ಜೀನ್ ನಮ್ಮಲ್ಲಿಯೂ ಇದೆ, ಆದರೆ ಕೆಟ್ಟುಹೋಗಿದೆ. ಚಿಂಪಾಂಜಿ, ಗೊರಿಲ್ಲ, ಕೋತಿಗಳಲ್ಲಿಯೂ ಅದೇ ಜೀನ್ ಕೆಟ್ಟಿದೆ. ಪಾಠದಲ್ಲಿನ ಒಂದೇ ಸ್ಖಲಿತ ಹಲವು ಪ್ರತಿಗಳಲ್ಲಿ! ಇದರಿಂದ ನಮ್ಮ ಮರ್ಯಾದೆಗೆ ಕುಂದೆಂದು ನನಗೆ ತೋರುವುದಿಲ್ಲ. ಲಿಪಿಕಾರನ ತಪ್ಪು ಕಾವ್ಯದ ಘನತೆಯನ್ನು ಕುಂದಿಸುವುದಿಲ್ಲ. ಅದು ಎಲ್ಲಿಂದ ಬಂತೆಂಬುದನ್ನು ಮಾತ್ರ ತಿಳಿಸುತ್ತದೆ.

ನಿನ್ನೆ ಶಾರದೆಯನ್ನು ಕರೆದು ಇದೆಲ್ಲವನ್ನೂ ಹೇಳಿದೆ. ಮೊದಲು, "ಊಹೆಯೆಂದದ್ದು ನನ್ನ ತಪ್ಪು ಮಗು" ಎಂದೆ. ಅವಳು ತನ್ನ ಹತ್ತನೆಯ ತರಗತಿಯ ಪುಸ್ತಕವನ್ನು ತಂದು ತೋರಿಸಿದಳು. ದೇಶದ ಅನೇಕ ಕಡೆ ಬಳಕೆಯಲ್ಲಿರುವ ಆ ವಿಜ್ಞಾನ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ವಿಕಾಸ" ಎಂದಿದ್ದ ಅಧ್ಯಾಯ 2023ರಲ್ಲಿ "ಅನುವಂಶೀಯತೆ" ಎಂದಷ್ಟೇ ಆಗಿದೆ. ಪಾಠದ ಹೊರೆಯನ್ನು ಇಳಿಸುವುದಕ್ಕಾಗಿ ಹೀಗೆ ಮಾಡಿದೆವೆಂದೂ, ಹನ್ನೆರಡನೆಯ ತರಗತಿಯಲ್ಲಿ ಈ ವಿಷಯ ಇದೆಯೆಂದೂ ಸಂಬಂಧಪಟ್ಟವರು ಹೇಳಿದರು. 1,800ಕ್ಕೂ ಮಿಕ್ಕ ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿ, ಅದನ್ನು ಮರಳಿ ಸೇರಿಸಬೇಕೆಂದು ಕೇಳಿದರು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನು ಓದುವವರಿಗೆ ಅದು ದೊರೆಯುತ್ತದೆ, ನಿಜ. ಲೆಕ್ಕಪತ್ರ ಓದಲು ಹೊರಟಿರುವ ನನ್ನ ಸೋದರ ಸೊಸೆಗೆ ಎಲ್ಲಿ ದೊರೆಯಬೇಕು? ಬ್ಯಾಂಕಿನಲ್ಲಿ ಕುಳಿತುಕೊಳ್ಳುವವಳು ತಾನು ಯಾವ ಗ್ರಂಥದ ಪ್ರತಿಯೆಂಬುದನ್ನು ತಿಳಿಯಬೇಡವೇ?

ಅವಳು ಎಲ್ಲವನ್ನೂ ಕೇಳಿಕೊಂಡು, ಕಡೆಯಲ್ಲಿ ಒಂದೇ ಮಾತು ಕೇಳಿದಳು: "ಹಾಗಾದರೆ ಪದಬಂಧದವರಿಗೆ ಕಾಗದ ಬರೆಯೋಣವೇ ಮಾವ, ತಿಮಿಂಗಿಲ ಮತ್ಸ್ಯವಲ್ಲ ಅಂತ?"

ಬರೆಯೋಣ ಎಂದೆ. ಕಾಗದವನ್ನು ಅವಳೇ ಬರೆದಳು. ನಾನು ಕಾಗುಣಿತ ಮಾತ್ರ ತಿದ್ದಿದೆ.